ಸೌರ ಪಂಪ್‌ಸೆಟ್: ಎಚ್‌ಪಿ ಕೇಳುವ ಮೊದಲು ನೀರಿನ ಮಟ್ಟ ಅಳೆಯಿರಿ

ಸೌರ ಪಂಪ್‌ಗೆ ಸಹಾಯಧನ ಕೊಡುವ ಕೇಂದ್ರದ ಪಿಎಂ-ಕುಸುಮ್ ಯೋಜನೆ 2019ರಲ್ಲಿ ಆರಂಭವಾದ ಮೇಲೆ ಸೌರ ಪಂಪ್‌ಸೆಟ್‌ಗೆ ಅರ್ಜಿ ಹಾಕುವ ರೈತರೆಲ್ಲ ಮೊದಲು ಕೇಳುವುದು ‘ಎಷ್ಟು ಎಚ್‌ಪಿ ಹಾಕಿಸಲಿ?’ ಎಂದು. ಎಚ್‌ಪಿ ನಿರ್ಧಾರವಾಗಬೇಕಾದದ್ದು ಹೆಡ್ ಗೊತ್ತಾದ ಮೇಲೆ, ಅಂದರೆ ನೀರನ್ನು ಒಟ್ಟು ಎಷ್ಟು ಎತ್ತರಕ್ಕೆ ತಳ್ಳಬೇಕು ಎಂಬುದು ತಿಳಿದ ಮೇಲೆ.

ಬೋರ್‌ವೆಲ್ 500 ಅಡಿ ಇದ್ದರೆ ಹೆಡ್ 500 ಅಡಿ ಅಲ್ಲ. ಪಂಪ್ ಓಡುತ್ತಿರುವಾಗ ನೀರು ಎಲ್ಲಿಗೆ ಇಳಿದು ನಿಲ್ಲುತ್ತದೆ ಎಂಬುದೇ ಮುಖ್ಯ, ಅದನ್ನು ಏಪ್ರಿಲ್-ಮೇ ತಿಂಗಳಲ್ಲೇ ಅಳೆಯಬೇಕು. ಆ ಮಟ್ಟ 260 ಅಡಿ ಎಂದುಕೊಳ್ಳಿ. ಡ್ರಿಪ್‌ಗೆ (ಹನಿ ನೀರಾವರಿಗೆ) ಫಿಲ್ಟರ್ ಸೇರಿ ಸುಮಾರು 1.5 ಕೆಜಿ ಒತ್ತಡ ಬೇಕು, ಅದು 50 ಅಡಿ ಎತ್ತರಕ್ಕೆ ಸಮ. ಪೈಪಿನ ಘರ್ಷಣೆಗೆ 20 ಅಡಿ. ಒಟ್ಟು 330 ಅಡಿ, ಅಂದರೆ 100 ಮೀಟರ್. ಡ್ರಿಪ್ಪಿನ ಆ 50 ಅಡಿಯನ್ನೇ ಬಹಳ ಜನ ಮರೆಯುತ್ತಾರೆ.

ಈಗ ನೀರಿನ ಲೆಕ್ಕ. 5 ಎಚ್‌ಪಿಗೆ 4,800 ವ್ಯಾಟ್ ಪ್ಯಾನೆಲ್. ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಕ್ಕರೆ 24 ಯೂನಿಟ್. ಶಾಖ, ಧೂಳು, ಕೇಬಲ್, ಕಂಟ್ರೋಲರ್ (ಪ್ಯಾನೆಲಿನ ವಿದ್ಯುತ್ತನ್ನು ಮೋಟಾರಿಗೆ ಹೊಂದಿಸುವ ಪೆಟ್ಟಿಗೆ) ನುಂಗಿ ಉಳಿಯುವುದು 19. ಸಾವಿರ ಲೀಟರನ್ನು 100 ಮೀಟರ್ ಎತ್ತಲು, ಪಂಪು-ಮೋಟಾರಿನ ದಕ್ಷತೆ ಶೇ 45 ಇದ್ದರೆ, 0.6 ಯೂನಿಟ್ ಬೇಕು. ಹಾಗಾಗಿ ದಿನಕ್ಕೆ ಸುಮಾರು 31,000 ಲೀಟರ್. ಮೋಡದ ದಿನ ಅರ್ಧವೂ ಬರಲಿಕ್ಕಿಲ್ಲ.

ಹೆಚ್ಚು ದೂರು ಬರುವುದು ‘ಮೋಟಾರು ತಿರುಗುತ್ತದೆ, ನೀರು ಬರಲ್ಲ’ ಎಂದು. ಬಿಸಿಲು ಕಡಿಮೆ ಇರುವಾಗ ಕಂಟ್ರೋಲರ್ ಮೋಟಾರಿನ ಆವರ್ತನ (ಹರ್ಟ್ಸ್) ಇಳಿಸುತ್ತದೆ, ಅದರೊಂದಿಗೆ ವೇಗವೂ ಇಳಿಯುತ್ತದೆ. ಪಂಪ್ ತಳ್ಳುವ ಎತ್ತರ ವೇಗದ ವರ್ಗಕ್ಕೆ ತಕ್ಕಂತೆ ಬೀಳುತ್ತದೆ: 50 ಹರ್ಟ್ಸ್‌ನಿಂದ 40ಕ್ಕೆ ಬಂದರೆ ಶೇ 64 ಮಾತ್ರ. ಶಟ್-ಆಫ್ ಹೆಡ್ (ಪೂರ್ಣ ವೇಗದಲ್ಲಿ ಪಂಪ್ ನೀರನ್ನು ತಳ್ಳಬಲ್ಲ ಗರಿಷ್ಠ ಎತ್ತರ) 120 ಮೀಟರ್ ಇರುವ ಪಂಪು 45 ಹರ್ಟ್ಸ್‌ನಲ್ಲಿ 97 ಮೀಟರಿಗೇ ನಿಲ್ಲುತ್ತದೆ, ನಮ್ಮ 100 ಮೀಟರ್ ಮುಟ್ಟುವುದೇ ಇಲ್ಲ. 150 ಮೀಟರಿನದ್ದಾದರೆ 41 ಹರ್ಟ್ಸ್‌ನಿಂದಲೇ ನೀರು ಶುರು. ಅದೇ ಎಚ್‌ಪಿಯಲ್ಲಿ ಹೆಚ್ಚು ಸ್ಟೇಜ್ (ಒಂದರ ಮೇಲೊಂದಿರುವ ಚಕ್ರಗಳು) ಇರುವ ಪಂಪ್ ಕೇಳಿ ಪಡೆಯಿರಿ. ಪೂರ್ಣ ಬಿಸಿಲಲ್ಲೂ ನೀರು ತೀರಾ ಕಡಿಮೆಯಿದ್ದರೆ ಮೋಟಾರು ಉಲ್ಟಾ ತಿರುಗುತ್ತಿರಬಹುದು. ಎಲ್ಲ ಆಫ್ ಮಾಡಿ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿಸಿ.

ಪ್ಯಾನೆಲ್‌ಗಳು ದಕ್ಷಿಣಕ್ಕೆ ಮುಖ ಮಾಡಿ, ಕರ್ನಾಟಕದ ಅಕ್ಷಾಂಶದಷ್ಟೇ, ಅಂದರೆ 12ರಿಂದ 18 ಡಿಗ್ರಿ ಓರೆಯಾಗಿರಲಿ. ಎಲ್ಲವೂ ವೈರಿನಿಂದ ಒಂದಕ್ಕೊಂದು ಒಂದೇ ಸಾಲಿನಲ್ಲಿ (ಸೀರೀಸ್) ಜೋಡಣೆಯಾಗಿರುವುದರಿಂದ ತೆಂಗಿನ ಗರಿಯ ನೆರಳು ಒಂದರ ಮೇಲೆ ಬಿದ್ದರೂ ಇಡೀ ಸಾಲು ಸೊರಗುತ್ತದೆ. 330 ವ್ಯಾಟಿನ 15 ಪ್ಯಾನೆಲ್‌ಗಳ ಸಾಲಿನಲ್ಲಿ 550 ವೋಲ್ಟಿಗೂ ಹೆಚ್ಚು ಡಿಸಿ ಇರುತ್ತದೆ. ಲೋಡ್ ಇರುವಾಗ ಕನೆಕ್ಟರ್ ಎಳೆದರೆ ಕಿಡಿ ಆರದೆ ಕೈ ಸುಡುತ್ತದೆ, ಜೀವವೂ ಹೋಗಬಹುದು. ಮೊದಲು ಡಿಸಿ ಸ್ವಿಚ್ ಆಫ್, ಆಮೇಲೆ ಉಳಿದದ್ದು.

ಕೆಲಸ ಒಪ್ಪಿಸಿಕೊಳ್ಳುವ ದಿನ ಮಟಮಟ ಮಧ್ಯಾಹ್ನ, ಪ್ರೆಷರ್ ಗೇಜ್ 1.5 ಕೆಜಿ ತೋರಿಸುವಷ್ಟು ವಾಲ್ವ್ ಬಿಗಿಮಾಡಿ 200 ಲೀಟರ್ ಡ್ರಮ್ ಹಿಡಿಯಿರಿ. ಎರಡು ನಿಮಿಷದ ಆಸುಪಾಸಿನಲ್ಲಿ ತುಂಬಬೇಕು. ಬೋರ್‌ವೆಲ್ಲೇ ಗಂಟೆಗೆ 6,000 ಲೀಟರ್ ಕೊಡದಿದ್ದರೆ 5 ಎಚ್‌ಪಿ ಬೇಡ, 3 ಎಚ್‌ಪಿ ಹಾಕಿಸಿ, ಡ್ರೈ-ರನ್ ರಕ್ಷಣೆ (ನೀರಿಲ್ಲದಾಗ ಪಂಪ್ ನಿಲ್ಲಿಸುವ ವ್ಯವಸ್ಥೆ) ಚಾಲೂ ಇದೆಯೇ ಎಂದು ಅಳವಡಿಸಿದವರ ಎದುರಿಗೇ ಪರೀಕ್ಷಿಸಿ ಸಹಿ ಮಾಡಿ.