ಡಾಂಬರು ಜಾಸ್ತಿ ಹಾಕಿಸಿದರೆ ಅಂಗಳ ಗಟ್ಟಿಯಾಗುತ್ತಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಕಾರು ನಿಲ್ಲಿಸುವ ಜಾಗಕ್ಕೆ ಹಾಕಿಸಿದ್ದ ಡಾಂಬರು ಎರಡೇ ಮಳೆಗಾಲಕ್ಕೆ ಕಿತ್ತು ಬಂತು. ಈ ಸಲ ಡಾಂಬರು ಜಾಸ್ತಿ ಹಾಕಿಸಿದರೆ ಬಾಳಿಕೆ ಬರುತ್ತಾ?

ಉತ್ತರ: ಇಲ್ಲ. ಪ್ರತಿ ವರ್ಷ ಮಳೆ ನಿಂತ ಕೂಡಲೇ ಈ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಕೊಡುತ್ತೇನೆ. ಆದರೂ ‘ಕಂಟ್ರಾಕ್ಟರ್ ಡಾಂಬರು ಕಮ್ಮಿ ಹಾಕಿದ, ಅದಕ್ಕೇ ಹೋಯ್ತು’ ಅನ್ನುವ ಮಾತು ಮಾತ್ರ ನಿಲ್ಲುತ್ತಿಲ್ಲ. ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ.

ಡಾಂಬರು ಭಾರ ಹೊರುವುದಿಲ್ಲ. ಅದು ಅಂಟು, ಅಷ್ಟೇ. ಪ್ಲಾಂಟಿನಲ್ಲಿ ಕಲಸುವ ಹಾಟ್‌ಮಿಕ್ಸ್‌ನಲ್ಲಿ ತೂಕದ ಲೆಕ್ಕಕ್ಕೆ ಡಾಂಬರು ಸುಮಾರು 5ರಿಂದ 6 ಪರ್ಸೆಂಟ್. ಉಳಿದದ್ದೆಲ್ಲ ಜಲ್ಲಿ, ಕಲ್ಲುಪುಡಿ. ಕಾರಿನ ಭಾರ ಹೊರುವುದು ಒಂದಕ್ಕೊಂದು ಕಚ್ಚಿಕೊಂಡ ಆ ಕಲ್ಲುಗಳು. ಅಂಟು ಜಾಸ್ತಿಯಾದರೆ ಅವು ಕಚ್ಚಿಕೊಳ್ಳದೆ ಜಾರುತ್ತವೆ. ಏಪ್ರಿಲ್ ಬಿಸಿಲಿಗೆ ಡಾಂಬರು ಮೇಲೆ ಒಸರುತ್ತದೆ, ನಿಂತ ಕಾರಿನ ಚಕ್ರ ಅಲ್ಲೇ ತಗ್ಗು ಮಾಡುತ್ತದೆ. ಕಪ್ಪಗೆ ಹೊಳೆಯುವ ನೆಲ ನೋಡಿ ‘ಎಷ್ಟು ಚೆನ್ನಾಗಿ ಹಾಕಿದ್ದಾರೆ’ ಅಂತೀವಲ್ಲ, ಬಿಸಿಲಿಗೆ ಹಾಗೆ ಹೊಳೆದರೆ ಅದು ಅಳತೆ ತಪ್ಪಿದ ಗುರುತು.

‘ಸರಿ, ಪದರವನ್ನೇ ದಪ್ಪ ಮಾಡಿಸ್ತೀವಿ’ ಅನ್ನುವವರೂ ಇದ್ದಾರೆ. ಅಡಿಯ ಮಣ್ಣು ಮೆತ್ತಗಿದ್ದರೆ ದಪ್ಪ ಪದರವೂ ಬಿರುಕು ಬಿಡುತ್ತದೆ. ಬಿರುಕಿಗೆ ನೀರು ಇಳಿಯುತ್ತದೆ. ಚಕ್ರ ಹಾದಾಗೆಲ್ಲ ಆ ನೀರು ಒತ್ತಡಕ್ಕೆ ಸಿಕ್ಕಿ, ಕಲ್ಲಿಗೂ ಡಾಂಬರಿಗೂ ನಡುವೆ ನುಗ್ಗಿ ಅಂಟು ಬಿಡಿಸುತ್ತದೆ. ನಿಮ್ಮ ಅಂಗಳ ಹೋಗಿರುವುದು ಬಹುಶಃ ಹೀಗೇ. ಮೂಡಿಗೆರೆ, ಸಕಲೇಶಪುರದ ಕಡೆ ಜೂನ್‌ನಲ್ಲಿ ನೆನೆದ ನೆಲ ಮಳೆಗಾಲ ಮುಗಿಯುವ ತನಕ ಸರಿಯಾಗಿ ಒಣಗುವುದಿಲ್ಲ. ಮಳೆ ಕಮ್ಮಿ ಇರುವ ಕಡೂರು, ಅರಸೀಕೆರೆಯಲ್ಲಿ ತಡೆದ ಕೆಲಸ ಇಲ್ಲಿ ತಡೆಯುವುದಿಲ್ಲ.

ಹಾಗಾಗಿ ದುಡ್ಡನ್ನು ನೆಲದಡಿಗೆ ಹಾಕಿ. ಗುಡ್ಡದಿಂದ ಇಳಿಯುವ ನೀರಿಗೆ ಮೊದಲು ಚರಂಡಿ ತೋಡಿಸಿ. ಬೇರು, ಮೆತ್ತನೆ ಮೇಲ್ಮಣ್ಣು ತೆಗೆಸಿ. ದಪ್ಪ ಜಲ್ಲಿ, ಸಣ್ಣ ಜಲ್ಲಿ, ಪುಡಿ ಬೆರೆಸಿದ ಅಡಿಪದರ 6ರಿಂದ 8 ಇಂಚು ಇರಲಿ. ಅದನ್ನೂ ಒಂದೇ ಸಲ ಸುರಿಯಬೇಡಿ. ಎರಡು ಸಲ ಹಾಕಿ, ಪ್ರತಿ ಸಲ ನೀರು ಚಿಮುಕಿಸಿ ರೋಲರ್ ಓಡಿಸಿ. ಇಳಿಜಾರು ಅಡಿಗೆ ಕಾಲು ಇಂಚು, ಅಂದರೆ 20 ಅಡಿಗೆ 5 ಇಂಚು. ಇಷ್ಟಾದರೆ ಬರೀ ಕಾರಿಗೆ ಮೇಲಿನ ಪದರ, ರೋಲರ್ ಒತ್ತಿದ ಮೇಲೆ, 2ರಿಂದ 3 ಇಂಚು ಇದ್ದರೆ ಸಾಕು. ಲೋಡ್ ಲಾರಿ ಬರುವ ಜಾಗಕ್ಕೆ ಇದು ಸಾಲದು. ಹಾಟ್‌ಮಿಕ್ಸ್ ತಣ್ಣಗಾದರೆ ಎಷ್ಟು ರೋಲರ್ ಓಡಿಸಿದರೂ ಕೂರುವುದಿಲ್ಲ. ಘಾಟಿ ದಾರಿಯಲ್ಲಿ ಟಾರ್ಪಾಲ್ ಮುಚ್ಚದೆ ತಂದ ಲೋಡನ್ನು ಮುಲಾಜಿಲ್ಲದೆ ವಾಪಸ್ ಕಳಿಸಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಡಿಸೆಂಬರ್‌ನಲ್ಲಿ ಕಣ ಸಾಲದೆ ಇದೇ ಡಾಂಬರಿನ ಮೇಲೆ ಕಾಫಿ ಒಣಗಲು ಹರಡುವುದನ್ನು ಯೋಚಿಸಲೂ ಬೇಡಿ. ಕಾಫಿ ಬೇರೆ ವಾಸನೆಯನ್ನು ಬೇಗ ಹಿಡಿಯುತ್ತದೆ. ಡಾಂಬರಿನದು ಒಂದು, ಕಾರಿನಿಂದ ತೊಟ್ಟಿಕ್ಕಿದ ಆಯಿಲ್‌ನದು ಇನ್ನೊಂದು. ವರ್ಷವಿಡೀ ದುಡಿದ ಬೆಳೆ ಅಲ್ವಾ? ಅದಕ್ಕೆ ಸಿಮೆಂಟ್ ಕಣವೇ ಇರಲಿ. ಆಯಿಲ್, ಡೀಸೆಲ್ ಡಾಂಬರನ್ನೂ ಕರಗಿಸುತ್ತವೆ. ಬಿದ್ದ ದಿನವೇ ಮರಳೋ ಮರದ ಹೊಟ್ಟೋ ಹಾಕಿ ಹೀರಿಸಿ ಗುಡಿಸಿಬಿಡಿ.