ನೀಟಾಗಿ ಕಡೆದ ಬಟ್ಟಲು ವಾರದೊಳಗೆ ಬಿರುಕು ಬಿಟ್ಟಿದ್ದೇಕೆ?

ಪ್ರಶ್ನೆ: ಆಗಷ್ಟೇ ಕಡಿದ ಮರದ ತುಂಡಿನಿಂದ ಲೇತ್ ಮೇಲೆ ಒಂದು ಬಟ್ಟಲು ಕಡೆದೆ. ನುಣ್ಣಗೆ, ಗುಂಡಗೆ ಬಂದಿತ್ತು. ವಾರದಲ್ಲಿ ಅಂಚಿನಿಂದ ಬಿರುಕು ಬಿಟ್ಟಿದೆ, ಆಕಾರವೂ ಮೊಟ್ಟೆಯ ಹಾಗಾಗಿದೆ. ಎಲ್ಲಿ ತಪ್ಪಾಯಿತು? ಒಣಗಿದ ಮರವನ್ನೇ ಬಳಸಬೇಕಾ?

ಉತ್ತರ: ಬಟ್ಟಲು ಸೊಟ್ಟಗಾಗಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಹಸಿ ಮರ ಒಣಗಿದರೆ ಹಾಗೆ ಆಗಲೇಬೇಕು. ಬಿರುಕು ಬೇರೆ ವಿಷಯ. ಅದನ್ನು ಬಹುಮಟ್ಟಿಗೆ ತಡೆಯಬಹುದು.

ಮರ ಅಂದರೆ ಒತ್ತೊತ್ತಾಗಿ ಕೂತ ಸಣ್ಣ ಸಣ್ಣ ಕೊಳವೆಗಳು. ಹಸಿ ಮರದ ನೀರಿನಲ್ಲಿ ಒಂದು ಪಾಲು ಕೊಳವೆಗಳ ಒಳಗಿರುತ್ತದೆ, ಇನ್ನೊಂದು ಪಾಲು ಕೊಳವೆಗಳ ಗೋಡೆಯಲ್ಲೇ ಇಂಗಿರುತ್ತದೆ. ಲೇತ್ ಮರವನ್ನು ಗಿರಗಿರ ತಿರುಗಿಸುವಾಗ ಮುಖಕ್ಕೆ ಸಿಡಿಯುವುದು ಮೊದಲನೆಯದು. ಅದು ಪೂರ್ತಿ ಹೋದರೂ ಮರ ಕುಗ್ಗುವುದಿಲ್ಲ. ಹಿಂಡಿದ ಬಟ್ಟೆಯಿಂದ ಹನಿ ಬೀಳದಿದ್ದರೂ ಅದು ಒದ್ದೆಯೇ ಇರುತ್ತದಲ್ವಾ, ಹಾಗೆ. ನೀರಿನ ತೂಕ ಒಣ ಮರದ ತೂಕದ ಸುಮಾರು ಶೇ. 30ಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಡಲು ಶುರುವಾಗುತ್ತದೆ. ಕುಗ್ಗುವುದು ಆಗ.

ಎಲ್ಲ ಕಡೆಗೂ ಒಂದೇ ಸಮ ಕುಗ್ಗಿದ್ದರೆ ಬಟ್ಟಲು ಸುಮ್ನೆ ಸ್ವಲ್ಪ ಚಿಕ್ಕದಾಗುತ್ತಿತ್ತು, ಅಷ್ಟೇ. ಆದರೆ ಮರ ಉದ್ದಕ್ಕೆ ಕುಗ್ಗುವುದು ಹೆಚ್ಚೆಂದರೆ ಶೇ. 0.1 ಅಥವಾ 0.2. ನಡುವಿನಿಂದ ತೊಗಟೆಯ ಕಡೆಗೆ ಸುಮಾರು ಶೇ. 4, ಮರದ ಬೆಳವಣಿಗೆಯ ಉಂಗುರಗಳ ಗುಂಟ ಅದರ ಎರಡರಷ್ಟು, ಅಂದರೆ ಸುಮಾರು ಶೇ. 8. ಜಾತಿಯಿಂದ ಜಾತಿಗೆ ಈ ಲೆಕ್ಕ ಬದಲಾಗುತ್ತದೆ. ತೇಗ ಕಡಿಮೆ ಕುಗ್ಗುವ ಮರ. ನಿಮ್ಮ ಬಟ್ಟಲನ್ನು ಅಳೆದು ನೋಡಿ. ಮರದ ಎಳೆ, ಅಂದರೆ ಆ ಕೊಳವೆಗಳು, ಓಡುವ ಉದ್ದಕ್ಕೆ ವ್ಯಾಸ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಅಡ್ಡಕ್ಕೆ ಕಡಿಮೆಯಾಗಿರುತ್ತದೆ. ಮೊಟ್ಟೆಯಾಕಾರ ಬಂದದ್ದು ಹೀಗೆ.

ಇನ್ನು ಬಿರುಕು. ಮೇಲ್ಪದರ ಬೇಗ ಒಣಗಿ ಕುಗ್ಗಲು ಹೊರಡುತ್ತದೆ. ಒಳಗಿನ ಮರ ಇನ್ನೂ ಒದ್ದೆ, ಅದು ಜಗ್ಗುವುದಿಲ್ಲ. ಈ ಎಳೆದಾಟದಲ್ಲಿ ಮೇಲ್ಪದರ ಹರಿಯುತ್ತದೆ. ತಳ ದಪ್ಪ, ಅಂಚು ತೆಳು ಇದ್ದರೂ ಇದೇ ಕಥೆ. ನಿಮ್ಮ ಬಟ್ಟಲಿನಲ್ಲಿ ಆಗಿದ್ದು ಇದೇ ಅಂತ ನನ್ನ ಗುಮಾನಿ. ಹೊಸಬರು ತಳ ತೂತಾದೀತು ಅಂತ ಹೆದರಿ ಅಲ್ಲಿ ಮರ ಉಳಿಸಿಬಿಡುತ್ತಾರೆ. ಜೊತೆಗೆ, ಅಡ್ಡ ಕತ್ತರಿಸಿದ ಮುಖದಿಂದ ನೀರು ಉಳಿದ ಕಡೆಗಿಂತ 10ರಿಂದ 15 ಪಟ್ಟು ಬೇಗ ಹೋಗುತ್ತದೆ. ಬಟ್ಟಲಿನಲ್ಲಿ ಎದುರು ಬದುರು ಎರಡು ಕಡೆ ಅಂಥ ಮುಖ ಇರುತ್ತದೆ. ಬಿರುಕು ಸಾಮಾನ್ಯವಾಗಿ ಬಾಯಿ ಬಿಡುವುದು ಅಲ್ಲೇ. ದಿಮ್ಮಿ ತಂದ ದಿನವೇ ಎರಡೂ ತುದಿಗೆ ಮೇಣವನ್ನೋ ದಪ್ಪ ಪೇಂಟನ್ನೋ ಬಳಿಯಬೇಕು. ಸೀಳುವಾಗ ನಡುಮಧ್ಯದ ತಿರುಳನ್ನು ಪೂರ್ತಿ ತೆಗೆದುಹಾಕಬೇಕು. ತಿರುಳು ಉಳಿದ ತುಂಡು ಸೀಳದಿದ್ದರೆ ಅದೃಷ್ಟ.

ಹಾಗಾದರೆ ಒಣ ಮರವನ್ನೇ ಬಳಸೋಣ ಅಂದರೆ, ಹಲಗೆ ಗಾಳಿಯಲ್ಲಿ ಒಣಗಲು 25 ಮಿ.ಮೀ. ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ. ಬಟ್ಟಲಿಗೆ ಬೇಕಾದ 100 ಮಿ.ಮೀ. ತುಂಡಿಗೆ ಎಷ್ಟಾಯಿತು ನೋಡಿ. ಅಷ್ಟು ಕಾದ ಮೇಲೂ ಅದು ಸೀಳಿರಬಹುದು. ಅದಕ್ಕೇ ಮೊದಲು ಒರಟಾಗಿ ಕಡೆದು, ಆಮೇಲೆ ಒಣಗಿಸುವ ದಾರಿ ಹುಟ್ಟಿದ್ದು. ಬಟ್ಟಲಿನ ಗೋಡೆಯ ದಪ್ಪ ವ್ಯಾಸದ ಹತ್ತನೇ ಒಂದು ಭಾಗ ಇರಲಿ. 250 ಮಿ.ಮೀ. ಬಟ್ಟಲಿಗೆ 25 ಮಿ.ಮೀ., ತಳಕ್ಕೂ ಅಷ್ಟೇ. ಚಕ್ (ಬಟ್ಟಲನ್ನು ಲೇತಿಗೆ ಹಿಡಿದಿಡುವ ಹಿಡಿಕೆ) ಕಚ್ಚುವ ಬುಡವೂ ಸೊಟ್ಟಗಾಗುತ್ತದೆ, ಅಲ್ಲಿ ಸ್ವಲ್ಪ ಜಾಸ್ತಿ ಮರ ಬಿಡಿ. ಕಾಗದದ ಚೀಲದಲ್ಲಿ ಹಾಕಿ ಗಾಳಿ, ಬಿಸಿಲು ತಾಗದ ಮೂಲೆಯಲ್ಲಿ ಇಡಿ. ಪ್ಲಾಸ್ಟಿಕ್ ಚೀಲವಾದರೆ ಬೂಸ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ತೂಗಿ, ತಳದಲ್ಲೇ ಪೆನ್ಸಿಲಿನಿಂದ ಬರೆದಿಡಿ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ ಅರ್ಥ. ಸಾಮಾನ್ಯವಾಗಿ ಕೆಲವು ತಿಂಗಳು ಹಿಡಿಯುತ್ತದೆ. ಆಮೇಲೆ ಮತ್ತೆ ಲೇತಿಗೆ ಏರಿಸಿ ಗುಂಡಗೆ ಮಾಡಿ.

ಇದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು ದಾರಿ. ಹಸಿಯಲ್ಲೇ ಒಂದೇ ಸಲಕ್ಕೆ 3–4 ಮಿ.ಮೀ. ತೆಳುವಾಗಿ ಕಡೆದು, ಮರ ಹೇಗೆ ಬಾಗುತ್ತದೋ ಬಾಗಲಿ ಅಂತ ಬಿಟ್ಟುಬಿಡುವುದು. ತೆಳು ಗೋಡೆ ಒಳಗೂ ಹೊರಗೂ ಒಟ್ಟಿಗೇ ಒಣಗುತ್ತದೆ, ಬಾಗಿ ಬಳುಕಿ ಎಳೆದಾಟ ಕಳೆದುಕೊಳ್ಳುತ್ತದೆ, ಅಪರೂಪಕ್ಕೆ ಸೀಳುತ್ತದೆ. ಹಸಿ ಮರ ಕಡೆಯುವ ಖುಷಿಯೂ ಬೇರೆ. ಉಳಿ ಚೂಪಾಗಿದ್ದರೆ ಚಕ್ಕೆ ಉದ್ದುದ್ದ ಸುರುಳಿಯಾಗಿ ಭುಜದ ಮೇಲೆ ಹಾರುತ್ತದೆ. ಧೂಳಿಲ್ಲ. ಒಂದೊಂದು ಮರಕ್ಕೆ ಒಂದೊಂದು ವಾಸನೆ. ಉಳಿ ಮೊಂಡಾದರೆ ಕಿವಿಗೇ ಗೊತ್ತಾಗುತ್ತದೆ. ಬಿಳಿ ಬಣ್ಣದ ಮರವಾದರೆ ಬಟ್ಟಲಿನ ಹೊರಮೈ ಕಡೆ ಒಂದು ಬಲ್ಬ್ ಹಚ್ಚಿಡಿ. ಗೋಡೆ ತೆಳುವಾದಂತೆ ಬೆಳಕು ಒಳಗೆ ಕಾಣುತ್ತದೆ. ಎಲ್ಲಿ ಮಂಕೋ ಅಲ್ಲಿ ಇನ್ನೂ ದಪ್ಪ ಇದೆ. ಆದರೆ ಶುರು ಮಾಡಿದರೆ ಮುಗಿಸಿಯೇ ಏಳಬೇಕು. ನಡುವೆ ಊಟಕ್ಕೆ ಎದ್ದು ಬಂದರೆ ಅಷ್ಟರಲ್ಲೇ ಅಂಚು ಸೊಟ್ಟಗಾಗಿ ಉಳಿ ಸಿಕ್ಕಿಕೊಳ್ಳುತ್ತದೆ. ಆಗಾಗ ನೀರು ಚಿಮುಕಿಸುತ್ತಿರಿ.

ಮೈಕ್ರೋವೇವ್‌ನಲ್ಲಿ ಸ್ವಲ್ಪ ಸ್ವಲ್ಪ ಬಿಸಿ ಮಾಡಿ ಒಣಗಿಸುವವರಿದ್ದಾರೆ, ನೀರಿನಲ್ಲಿ ಕುದಿಸುವವರೂ ಇದ್ದಾರೆ. ಪಾಲಿಇಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವನ್ನು ಇಂಗಿಸಿದರೆ ಮರದ ಕೊಳವೆಗಳ ಗೋಡೆಗಳು ಬಹುಮಟ್ಟಿಗೆ ಕುಗ್ಗುವುದಿಲ್ಲ. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆ ಬಂದ ಸ್ವೀಡನ್ನಿನ ವಾಸಾ ಹಡಗಿಗೆ 17 ವರ್ಷ ಸಿಂಪಡಿಸಿದ್ದು ಇದನ್ನೇ. ಬಟ್ಟಲಿಗೆ ಇಷ್ಟೆಲ್ಲ ಬೇಡ. ಮೇಲಾಗಿ ಅದರ ಮೇಲೆ ಪಾಲಿಶ್ ಸರಿಯಾಗಿ ಕೂರುವುದಿಲ್ಲ.

ಸೀಳಿದ ಆ ಬಟ್ಟಲನ್ನು ಮಾತ್ರ ಮತ್ತೆ ಲೇತಿಗೆ ಏರಿಸಬೇಡಿ. 250 ಮಿ.ಮೀ. ಬಟ್ಟಲು ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ 47 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಚೂರು ಕಿತ್ತು ಬಂದರೆ ಮುಖಕ್ಕೇ ಬರುತ್ತದೆ. ಬೇರೆ ಒಣ ಬಟ್ಟಲುಗಳ ಬಗ್ಗೆ ಅನುಮಾನವಿದ್ದರೆ ಬೆರಳಿನಿಂದ ತಟ್ಟಿ ನೋಡಿ. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ, ಒಳಬಿರುಕು ಇದ್ದರೆ ಸದ್ದು ಸತ್ತುಹೋಗಿರುತ್ತದೆ. ಎಸೆಯಲು ಮನಸ್ಸಿಲ್ಲದಿದ್ದರೆ ಬಿರುಕಿನ ಎರಡೂ ಬದಿ ಸಣ್ಣ ತೂತು ಕೊರೆದು ತಾಮ್ರದ ತಂತಿಯಲ್ಲಿ ಹೊಲಿಯಬಹುದು. ಈಗಲೇ ಬೇಡ, ತೂಕ ಇಳಿಯುವುದು ನಿಲ್ಲಲಿ. ಅಷ್ಟರಲ್ಲಿ ಬಿರುಕು ಇನ್ನೊಂದಿಷ್ಟು ಅಗಲವಾಗಬಹುದು, ಕೆಲವು ಸಲ ತಾನೇ ಮುಚ್ಚಿಕೊಳ್ಳುವುದೂ ಉಂಟು.