ಕಾರ್ಬುರೇಟರ್ ಬಿಚ್ಚುವ ಮುಂಚೆ ಪೆಟ್ರೋಲಿನ ದಾರಿ ನೋಡಿ

ಬೋಟಿನ ಹಿಂಬದಿಗೆ ಸಿಕ್ಕಿಸುವ ಹಳೆಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರು ರಿಪೇರಿಗೆ ಬಂದಾಗ, ಜೊತೆಗೆ ಒಂದು ತೀರ್ಮಾನವೂ ಬಂದಿರುತ್ತದೆ: ‘ಕಾರ್ಬುರೇಟರ್ ಹೋಗಿದೆ.’ ಎಷ್ಟೋ ಸಲ ಪೆಟ್ರೋಲಿಗೆ ಗಾಳಿ ಬೆರೆಸುವ ಆ ಕಾರ್ಬುರೇಟರ್ ಸರಿಯಾಗೇ ಇರುತ್ತದೆ. ಅಲ್ಲಿಯವರೆಗೆ ಪೆಟ್ರೋಲ್ ಬರುತ್ತಿರುವುದಿಲ್ಲ, ಅಷ್ಟೇ. ಹಾಗಾಗಿ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಟ್ಯಾಂಕಿನಿಂದ ಶುರು ಮಾಡಿ.

ಬೋಟು ಚೆನ್ನಾಗಿ ಹೊರಟು, ಸ್ವಲ್ಪ ದೂರ ಹೋದ ಮೇಲೆ ಎಂಜಿನ್ ಸೊರಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಹೀಗಿದ್ದರೆ ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದಿದೆಯಾ ನೋಡಿ. ಅದು ಮುಚ್ಚಿದ್ದರೆ ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರುವುದಿಲ್ಲ, ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ತಿರುಪು ಸಡಿಲಿಸಿದಾಗ ಉಸ್ ಎಂದು ಗಾಳಿ ಒಳಗೆ ಹೋದರೆ ಕಾಯಿಲೆ ಸಿಕ್ಕಿತು ಅಂತಲೇ ಅರ್ಥ.

ಆಮೇಲೆ ಪೈಪಿನ ನಡುವಿನ ರಬ್ಬರ್ ಬಲ್ಬ್. ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಹಿಸುಕುತ್ತಾ ಹೋದರೆ ಅದು ಗಟ್ಟಿಯಾಗಬೇಕು. ಎಷ್ಟು ಹಿಸುಕಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಬಲ್ಬಿನ ವಾಲ್ವ್ ಕೆಟ್ಟಿದೆ. ಎಂಜಿನ್ ಓಡುವಾಗ ಬಲ್ಬ್ ಚಪ್ಪಟೆಯಾದರೆ ಟ್ಯಾಂಕಿನ ಕಡೆ ಏನೋ ಕಟ್ಟಿಕೊಂಡಿದೆ. ಇಲ್ಲೊಂದು ವಿಷಯ ತುಂಬಾ ಜನ ಮರೆಯುತ್ತಾರೆ. ಓಡುವ ಎಂಜಿನ್ ಪೈಪಿನಿಂದ ಪೆಟ್ರೋಲನ್ನು ಎಳೆಯುತ್ತದೆ. ಹಾಗಾಗಿ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಪೆಟ್ರೋಲ್ ಹೊರಗೆ ಸೋರದೆ ಗಾಳಿ ಒಳಗೆ ಹೋಗಬಹುದು. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಪೈಪ್ ಒಣಗಿದೆ ಅಂತ ಅದನ್ನು ನಂಬಬೇಡಿ. ಕನೆಕ್ಟರಿನ ರಬ್ಬರ್ ರಿಂಗ್ ಹಳತಾಗಿದ್ದರೆ ಸುಮ್ನೆ ಬದಲಾಯಿಸಿಬಿಡಿ.

ಎಂಜಿನ್ ಸೊರಗುವಾಗಲೇ ಒಬ್ಬರು ಬಲ್ಬ್ ಹಿಸುಕಲಿ. ತಕ್ಷಣ ಚೇತರಿಸಿಕೊಂಡರೆ ತೊಂದರೆ ಪೆಟ್ರೋಲ್ ಪಂಪಿನ ಡಯಾಫ್ರಂ ಅನ್ನುವ ತೆಳು ಪೊರೆಯಲ್ಲೋ ಪೈಪಿನಲ್ಲೋ ಇದೆ. ಏನೂ ಬದಲಾಗದಿದ್ದರೆ ಗಾಳಿ ತಡೆಯುವ ಚೋಕ್ ಅನ್ನು ಒಂಚೂರು ಎಳೆದು ನೋಡಿ. ಆಗ ಎಂಜಿನ್ ಚೆನ್ನಾಗಿ ಓಡಿದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ: ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಜೆಟ್ ಕಟ್ಟಿರಬಹುದು, ಜೋಡಣೆಯ ನಡುವೆ ಕೂರುವ ತೆಳು ಗ್ಯಾಸ್ಕೆಟ್ ಪಕ್ಕದಿಂದ ಗಾಳಿ ಹೋಗುತ್ತಿರಬಹುದು. ಇನ್ನೂ ಹದಗೆಟ್ಟರೆ ಪೆಟ್ರೋಲ್ ಆಗಲೇ ಜಾಸ್ತಿ ಇರಬಹುದು, ಇಲ್ಲವೇ ದೋಷ ಬೇರೆ ಕಡೆ ಇದೆ. ಐಡ್ಲಿಂಗ್‌ನಲ್ಲಿ, ಅಂದರೆ ಥ್ರಾಟಲ್ ಕೊಡದೆ ಮೆಲ್ಲಗೆ ಓಡುವಾಗ, ನಿಂತುಹೋಗಿ ವೇಗದಲ್ಲಿ ಚೆನ್ನಾಗಿ ಓಡುವ ಎಂಜಿನ್ನಿನಲ್ಲಿ ಸ್ಲೋ ಜೆಟ್ಟಿನ ದಾರಿ ನೋಡಬೇಕು. ಐಡ್ಲಿಂಗ್ ಸರಿಯಿದ್ದು ವೇಗ ಏರದಿದ್ದರೆ ಮೇನ್ ಜೆಟ್ ನೋಡಬೇಕು. ಸ್ಪಾರ್ಕ್ ಮತ್ತು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಎರಡನ್ನೂ ಪರೀಕ್ಷಿಸದೆ ಕಾರ್ಬುರೇಟರ್ ಮುಟ್ಟಬೇಡಿ.

ಪೆಟ್ರೋಲ್ ಕಡಿಮೆ ಬೀಳುವುದನ್ನು ಹಗುರವಾಗಿ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ನಿಗೆ ಆಯಿಲ್ ಹೋಗುವುದು ಆ ಪೆಟ್ರೋಲಿನ ಜೊತೆಗೇ. ಬಹಳಷ್ಟು ಎಂಜಿನ್‌ಗಳಿಗೆ 50 ಲೀಟರ್ ಪೆಟ್ರೋಲಿಗೆ 1 ಲೀಟರ್ ಆಯಿಲ್, ಇನ್ನೂ ಹಳೆಯ ಕೆಲವಕ್ಕೆ 25ಕ್ಕೆ 1. ನಿಮ್ಮದರ ಲೆಕ್ಕ ಮ್ಯಾನ್ಯುಯಲ್‌ನಲ್ಲಿರುತ್ತದೆ. ಜೆಟ್ ಅರ್ಧ ಕಟ್ಟಿದರೆ ಪೆಟ್ರೋಲ್ ಜೊತೆ ಆಯಿಲ್ ಕೂಡ ಅರ್ಧವಾಗುತ್ತದೆ, ಶಾಖ ಏರುತ್ತದೆ, ಪಿಸ್ಟನ್ ಗೀರುಬಿದ್ದು ಜಾಮ್ ಆಗುತ್ತದೆ. ಎರಡು ಮೂರು ಕಾರ್ಬುರೇಟರ್ ಇರುವ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಒಣಗುತ್ತಿದ್ದರೂ ಉಳಿದವು ಬೋಟನ್ನು ಎಳೆಯುತ್ತಿರುತ್ತವೆ, ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಕಾರ್ಬುರೇಟರ್ ಬಾಯಿಂದ ಸೀನಿದಂಥ ಸದ್ದು ಬಂದರೆ ವೇಗ ಇಳಿಸಿ ನಿಧಾನವಾಗಿ ದಡ ಸೇರಿ.

ಸರಿ, ಬಿಚ್ಚಲೇಬೇಕಾಯಿತು ಅನ್ನೋಣ. ಎಂಜಿನ್ ತಣ್ಣಗಾಗಿರಲಿ, ಗಾಳಿಯಾಡುವ ಜಾಗವಿರಲಿ, ಹತ್ತಿರ ಬೆಂಕಿ ಕಿಡಿ ಏನೂ ಬೇಡ. ಮೊದಲು ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬೌಲಿನ ಡ್ರೈನ್ ಸ್ಕ್ರೂ ತೆಗೆದು ಒಳಗಿರುವುದನ್ನು ಗಾಜಿನ ಲೋಟಕ್ಕೆ ಹಿಡಿಯಿರಿ. ಹಿಡಿದು ಹಾಗೇ ಇಡಿ. ನೀರಿದ್ದರೆ ಮುತ್ತಿನಂಥ ಗುಳ್ಳೆಯಾಗಿ, ಇಲ್ಲವೇ ಒಂದು ಪದರವಾಗಿ ತಳದಲ್ಲಿ ನಿಲ್ಲುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಂಡಿದ್ದರೆ ಮಬ್ಬಾಗಿ ಕಾಣುತ್ತದೆ. ಹಳೆಯ ಪೆಟ್ರೋಲ್ ವಾರ್ನಿಷ್ ವಾಸನೆ ಹೊಡೆಯುತ್ತದೆ. ನೀರು ಸಿಕ್ಕರೆ ಟ್ಯಾಂಕ್ ತೊಳೆದು ಫಿಲ್ಟರ್ ಬದಲಾಯಿಸದೆ ಕಾರ್ಬುರೇಟರ್ ತೊಳೆದು ಪ್ರಯೋಜನವಿಲ್ಲ, ಅಲ್ವಾ?

ಬಿಚ್ಚುತ್ತಾ ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ. ಐಡ್ಲಿಂಗ್ ಸ್ಕ್ರೂ ತೆಗೆಯುವ ಮುಂಚೆ ಅದನ್ನು ಮೆಲ್ಲಗೆ ಒಳಗೆ ತಿರುಗಿಸಿ, ಕೂರುವವರೆಗೆ ಎಷ್ಟು ಸುತ್ತು ಹೋಯಿತು ಅಂತ ಬರೆದಿಟ್ಟುಕೊಳ್ಳಿ. ಬಿಗಿದರೆ ಅದರ ಮೊನೆ ಕೆಡುತ್ತದೆ. ರಬ್ಬರ್ ಭಾಗಗಳನ್ನೂ ಬೌಲಿನಲ್ಲಿ ತೇಲುವ ಫ್ಲೋಟನ್ನೂ ಹೊರಗಿಟ್ಟು ಉಳಿದದ್ದನ್ನು ಕ್ಲೀನರಿನಲ್ಲಿ ನೆನೆಸಿ. ಜೆಟ್ಟನ್ನು ಬೆಳಕಿಗೆ ಹಿಡಿದರೆ ರಂಧ್ರ ದುಂಡಗೆ ಕಾಣಬೇಕು. ಸ್ಟೀಲ್ ತಂತಿ ಹಾಕಿ ಕೆದಕಬೇಡಿ. ಹಿತ್ತಾಳೆ ಮೆದು, ರಂಧ್ರ ಸ್ವಲ್ಪ ಅಗಲವಾದರೂ ಆ ಜೆಟ್ಟಿನ ಅಳತೆ ಹೋಯಿತು. ಗಾಳಕ್ಕೆ ಕಟ್ಟುವ ತೆಳು ನೈಲಾನ್ ದಾರ ಸಾಕು.

ಹೊರಗೆ ಥಳಥಳ ಹೊಳೆಯುವ ಹಾಗೆ ಉಜ್ಜಿ, ಒಳಗಿನ ದಾರಿಗಳನ್ನು ಬಿಟ್ಟುಬಿಡುವವರೇ ಜಾಸ್ತಿ. ಗಾಳಿಯ ದಾರಿಯಲ್ಲಿ, ಥ್ರಾಟಲ್ ತಟ್ಟೆ ಮುಚ್ಚಿದಾಗ ಅದರ ಅಂಚು ತಾಗುವ ಜಾಗದ ಹತ್ತಿರ ಸೂಜಿಮೊನೆಯಷ್ಟು ರಂಧ್ರಗಳಿರುತ್ತವೆ. ಐಡ್ಲಿಂಗ್‌ನಿಂದ ವೇಗಕ್ಕೆ ಏರುವಾಗ ಪೆಟ್ರೋಲ್ ಬರುವುದು ಅಲ್ಲಿಂದ. ಅವು ಕಟ್ಟಿದ್ದರೆ ಥ್ರಾಟಲ್ ಕೊಟ್ಟ ಕೂಡಲೇ ಎಂಜಿನ್ ಮುಗ್ಗರಿಸುತ್ತದೆ. ಒಂದು ರಂಧ್ರಕ್ಕೆ ಸ್ಪ್ರೇ ಹೊಡೆದು, ಎಲ್ಲಿಂದ ಹೊರಗೆ ಚಿಮ್ಮುತ್ತದೆ ಅಂತ ನೋಡುತ್ತಾ ಒಂದೊಂದನ್ನೇ ಖಾತ್ರಿ ಮಾಡಿಕೊಳ್ಳಿ. ಕನ್ನಡಕ ಹಾಕಿಕೊಂಡೇ ಮಾಡಿ, ಚಿಮ್ಮುವುದು ಕಣ್ಣಿಗೇ ಬರಬಹುದು.

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದ ಸದ್ದು ಬಂದರೆ ಅದು ತೂತಾಗಿದೆ. ಫ್ಲೋಟ್ ಏರಿದಾಗ ಪೆಟ್ರೋಲ್ ತಡೆಯುವ ನೀಡಲ್‌ನ ಮೊನೆಯ ಸುತ್ತ ಉಂಗುರದಂತೆ ಗೀರಿದ್ದರೆ ಅದನ್ನೂ ಬದಲಾಯಿಸಿ. ಜೋಡಿಸಿ ತಲೆಕೆಳಗೆ ಹಿಡಿದಾಗ ಫ್ಲೋಟ್ ಸಾಮಾನ್ಯವಾಗಿ ಗ್ಯಾಸ್ಕೆಟ್ ಕೂರುವ ಅಂಚಿಗೆ ಸಮಾನಾಂತರವಾಗಿ ನಿಲ್ಲುತ್ತದೆ. ಮ್ಯಾನ್ಯುಯಲ್‌ನಲ್ಲಿ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಹಾಗೇ ತಲೆಕೆಳಗಿಟ್ಟು, ಪೆಟ್ರೋಲ್ ಬರುವ ನಳಿಗೆಗೆ ಒಂದು ಶುಚಿಯಾದ ಪೈಪ್ ಸಿಕ್ಕಿಸಿ ಮೆಲ್ಲಗೆ ಊದಿ. ಗಾಳಿ ಹೋಗಬಾರದು. ನೆಟ್ಟಗೆ ಹಿಡಿದಾಗ ಹೋಗಬೇಕು. ಗ್ಯಾಸ್ಕೆಟ್‌ಗಳು ಹೊಸವೇ ಆಗಲಿ.

ಸ್ಟಾರ್ಟ್ ಮಾಡುವಾಗ ನೀರಿಲ್ಲದೆ ಒಂದು ಕ್ಷಣವೂ ಬೇಡ, ಎಂಜಿನ್ ತಂಪಾಗಿಸುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಬೇಗ ಸುಟ್ಟುಹೋಗುತ್ತದೆ. ಐಡ್ಲಿಂಗ್ ಸ್ಕ್ರೂವನ್ನು ಮೊದಲು ಬರೆದಿಟ್ಟ ಜಾಗಕ್ಕೇ ತನ್ನಿ. ಬರೆದಿಟ್ಟಿಲ್ಲವಾದರೆ ಒಂದೂವರೆ ಸುತ್ತು ಹೊರಗೆ ಅನ್ನುವುದು ಶುರು ಮಾಡಲು ಸಾಮಾನ್ಯ ಲೆಕ್ಕ. ಕೊನೆಯ ಹೊಂದಾಣಿಕೆಯನ್ನು ಎಂಜಿನ್ ಬಿಸಿಯಾದ ಮೇಲೆ, ಬೋಟು ನೀರಿನಲ್ಲಿದ್ದು ಗೇರ್ ಹಾಕಿದಾಗಲೇ ಮಾಡಿ. ಸ್ಟ್ಯಾಂಡಿನ ಮೇಲೆ ಚೆನ್ನಾಗಿ ಕೇಳುವ ಎಂಜಿನ್ ಲೋಡ್ ಬಿದ್ದ ಕೂಡಲೇ ನಿಂತುಹೋಗಬಹುದು. ಇಷ್ಟೆಲ್ಲಾ ಮಾಡಿಯೂ ಐಡ್ಲಿಂಗ್ ಏರುಪೇರಾದರೆ ಥ್ರಾಟಲ್ ತಟ್ಟೆಯ ಕಡ್ಡಿಯನ್ನು ಬೆರಳಿನಿಂದ ಅಲ್ಲಾಡಿಸಿ. ಲಟಪಟ ಅಲುಗಿದರೆ ಅಲ್ಲಿ ಸವೆದು ಗಾಳಿ ಸೇರುತ್ತಿದೆ. ಅದಕ್ಕೆ ಎಷ್ಟು ತೊಳೆದರೂ ಆಗದು, ಬೇರೆ ಕಾರ್ಬುರೇಟರ್ ಹಾಕಬೇಕು.